ತಂಬಿಗೆ ನೀರು ಮತ್ತು ತಾಯ್ ಚಿ

ಫಿಜಿಯೋಥೆರಪಿಸ್ಟ್ ಎಂದು ನೇಮಕವಾದ ಆದೇಶ ಬಂದ ದಿನ ದೇವಾಪುರದ ನಮ್ಮ ಮನೆಯಲ್ಲಿ ಆ ಶಬ್ದವನ್ನು ಒಂದೇ ಉಸಿರಿಗೆ ಹೇಳಲು ಯಾರಿಗೂ ಬರಲಿಲ್ಲ. ನಾನು ಅವ್ವನಿಗೆ ಬಿಡಿಸಿ ಹೇಳಿದೆ: ಕೀಲುನೋವಿನವರಿಗೆ, ಲಕ್ವ ಹೊಡೆದವರಿಗೆ, ಬಿದ್ದು ಎಲುಬು ಮುರಿದುಕೊಂಡವರಿಗೆ ವ್ಯಾಯಾಮ ಮಾಡಿಸಿ ಮತ್ತೆ ನಡೆಯುವ ಹಾಗೆ ಮಾಡುವ ಕೆಲಸ. ಅವ್ವ ಆಗತಾನೆ ಹೊಲದಿಂದ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಎಲ್ಲ ಕೇಳಿಸಿಕೊಂಡು, ತನ್ನ ಮೊಣಕಾಲು ತಿಕ್ಕಿಕೊಳ್ಳುತ್ತ, "ಅಂದ್ರ ಕಾಲ ಒತ್ತೋದು ಅನ್ನು. ಅದಕ್ಕ ಇಷ್ಟು ವರ್ಷ ಓದಬೇಕಾಗಿತ್ತೇನ ಯವ್ವಾ? ಮನ್ಯಾಗ ನನ್ನ ಕಾಲ ಇದ್ದವಲ್ಲ!" ಎಂದಳು.

ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದ ಮೊದಲ ಜೀವ ನಾನು. ಇದನ್ನು ಸ್ವಲ್ಪ ವಿನಯದಿಂದ ಹೇಳಬೇಕೆಂದು ತಿಳಿದವರು ಹೇಳಿದ್ದಾರೆ. ನನಗೆ ಆ ವಿನಯ ಬರುವುದಿಲ್ಲ. ಅಪ್ಪ ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿದು ನನ್ನನ್ನು ಓದಿಸಿದರು. ಗೋಡೆಯ ಮೇಲೆ ಬುದ್ಧನ ಪಟದ ಪಕ್ಕಕ್ಕೆ ನನ್ನ ಪದವಿಯ ಫೋಟೋ ತೂಗುಹಾಕಿದ ದಿನ ಅಪ್ಪ ಓಣಿಯವರನ್ನೆಲ್ಲ ಕರೆದು ಚಹಾ ಕುಡಿಸಿದ. ಹಾಗಾಗಿ ಅವ್ವನ ಮಾತಿಗೆ ನನಗೆ ಸಿಟ್ಟೇ ಬಂದಿತ್ತು. ಕೆಲಸಕ್ಕೆ ಸೇರಿದ ಮೇಲೆ ನೋಡಿದರೆ ಊರಿನ ಮುಕ್ಕಾಲು ಮಂದಿ ಅವ್ವನ ಪಕ್ಷದಲ್ಲೇ ಇದ್ದರು.

ಈಗ ಶಹಾಪುರ, ಸುರಪುರ, ಯಾದಗಿರಿಯಲ್ಲಿ ಇದೇ ಓದು ಓದಿದ ಹುಡುಗ ಹುಡುಗಿಯರು ಕಾಣುತ್ತಾರೆ. ನಿವೃತ್ತಿಯಾದ ನನ್ನನ್ನು ಹುಡುಕಿಕೊಂಡು ಬಂದು, "ಮೇಡಂ, ಹೆಂಗ ಮಾಡಿದ್ರಿ ಇಷ್ಟು ವರ್ಷ?" ಎಂದು ಕೇಳುತ್ತಾರೆ. ಬಡ್ತಿ, ವರ್ಗಾವಣೆಗಳ ಕತೆ ಬೇಡ, ಅದು ಎಲ್ಲರ ಮನೆಯಲ್ಲೂ ಒಂದೇ. ನನ್ನ ಕೈಗೆ ಬಂದ ಮೊಣಕಾಲುಗಳ ಕತೆ ಹೇಳುತ್ತೇನೆ.

ಮೊದಲು ಶಹಾಪುರದಲ್ಲಿದ್ದೆ. ಅಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ನಾನು 'ಕರೆಂಟ್ ಅಕ್ಕೋರು'. ನನ್ನ ಕೋಣೆಯಲ್ಲಿ ಕೀಲಿಗೆ ಬಿಸಿ ಕೊಡುವ ಒಂದು ಯಂತ್ರವಿತ್ತು. ಗುಂಯ್ ಎಂದು ಸದ್ದು ಮಾಡುತ್ತಿತ್ತು, ಕೆಂಪು ದೀಪ ಹತ್ತುತ್ತಿತ್ತು. ಬಂದವರಿಗೆಲ್ಲ ಅದೇ ಬೇಕು. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಭಾರ ಕಡಿಮೆಯಾಗುತ್ತದೆ, ದಿನಾ ಹೀಗೆ ಕಾಲೆತ್ತಿ ಇಳಿಸಿ ಎಂದು ನಾನು ಪಾಠ ಸುರು ಮಾಡಿದರೆ, "ಮಾತು ಸಾಕ್ರಿ ಅಕ್ಕೋರ, ಕರೆಂಟ್ ಹಿಡೀರಿ" ಎನ್ನುತ್ತಿದ್ದರು.

ಒಂದು ದಿನ ಹಳ್ಳಿಯಿಂದ ಒಬ್ಬ ಮುದುಕ, ಬಸಪ್ಪ ಮುತ್ಯಾ, ಬಂದ. ಮಲಗಿಸಿ, ಮೊಣಕಾಲಿಗೆ ಪಟ್ಟಿ ಕಟ್ಟಿ, ಗುಂಡಿ ಒತ್ತುವಷ್ಟರಲ್ಲಿ ಹೊರಗೆ ಯಾರೋ ಕರೆದರು. ಹೋದೆ. ಅಷ್ಟರಲ್ಲಿ ಇಡೀ ದವಾಖಾನೆಯ ಕರೆಂಟೇ ಹೋಯಿತು. ಹೊರಗಿನ ಕೆಲಸ ಮುಗಿಸಿ, ಮುತ್ಯಾನಿಗೆ ನಾಳೆ ಬಾ ಎಂದು ಹೇಳೋಣವೆಂದು ಒಳಗೆ ಬಂದರೆ ಅವನು ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದೆ. ಎದ್ದು ಕೂತು ಕಾಲು ಅಲುಗಾಡಿಸಿ ನೋಡಿಕೊಂಡ.

"ಭಾಳ ಛಲೋ ಆತ್ರಿ ಅಕ್ಕೋರ. ಇವತ್ತಿನ ಕರೆಂಟ್ ಮೆತ್ತಗಿತ್ತು. ದಿನಾ ಇಂಥಾದ ಹಿಡೀರಿ."

ನಾನು ಅವನಿಗೆ ನಿಜ ಹೇಳಲಿಲ್ಲ. ಸಂಜೆ ಮನೆಯಲ್ಲಿ ಹೇಳಿ ನಕ್ಕೆವು. ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಹಗಲು ಹೊತ್ತಿನಲ್ಲಿ ಅವಸರವಿಲ್ಲದೆ ಮೈ ಸಡಿಲ ಬಿಟ್ಟದ್ದು ಆ ಮುತ್ಯಾನಿಗೆ ಎಷ್ಟು ವರ್ಷದ ಮೇಲೆ ಒದಗಿತ್ತೋ ಏನೋ. ನೋವಿದ್ದವರು ಮೈಯನ್ನು ಬಿಗಿಹಿಡಿದೇ ಬದುಕುತ್ತಾರೆ. ಮೊಣಕಾಲು ನೋಯುತ್ತದೆಂದು ಸೊಂಟ ಬಿಗಿ, ಸೊಂಟ ಬಿಗಿಯಾಯಿತೆಂದು ಹೆಗಲು ಬಿಗಿ. ಆ ಬಿಗಿ ಬಿಡಿಸುವ ವಿದ್ಯೆ ನನ್ನ ಯಂತ್ರಕ್ಕೆ ಇರಲಿಲ್ಲ.

ಆಮೇಲೆ ನನ್ನ ಮೊಣಕಾಲೇ ನೋಯತೊಡಗಿತು. ಆಗ ನಾವು ಭೀಮರಾಯನಗುಡಿಯ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಯಜಮಾನರು ಅಲ್ಲಿ ನೀರಾವರಿ ಕಚೇರಿಯಲ್ಲಿ ಕ್ಲರ್ಕ್. ಮೆಟ್ಟಿಲಿಳಿಯುವಾಗ ನಾನು ಗೋಡೆ ಹಿಡಿಯುವುದನ್ನು ನೋಡಿ, "ನಿನ್ನ ದವಾಖಾನಿಗೆ ನೀನ ಒಮ್ಮಿ ಹೋಗಿ ತೋರಿಸಿಕೊಂಡು ಬಾ" ಎಂದು ಕಾಡುತ್ತಿದ್ದರು. ಅದೇ ದಿನಗಳಲ್ಲಿ ಕಲಬುರಗಿಯಲ್ಲಿ ನಮಗೊಂದು ತರಬೇತಿ ನಡೆಯಿತು. ಅಲ್ಲಿ ಒಬ್ಬ ವಯಸ್ಸಾದ ವೈದ್ಯೆ ಬಂದಿದ್ದರು. ಬಹಳ ವರ್ಷ ತಾಯ್ ಚಿ ಅಭ್ಯಾಸ ಮಾಡಿದವರು. ಚೀನಾದ ಹಳೆಯ ವ್ಯಾಯಾಮ ಅದು. ಮೊಣಕಾಲು ತುಸುವೇ ಬಗ್ಗಿಸಿ ನಿಂತು, ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬಹಳ ನಿಧಾನವಾಗಿ ದಾಟಿಸುತ್ತ, ಅದರ ಜೊತೆಗೇ ಕೈ ತೇಲಿಸುತ್ತ, ಉಸಿರು ತಡೆಯದೆ ಮಾಡುವುದು. ಕೀಲುನೋವಿನವರಿಗೆ ಇದು ಒಗ್ಗುತ್ತದೆ, ಬೀಳುವ ಭಯ ಕಡಿಮೆಯಾಗುತ್ತದೆ ಎಂದು ಅವರು ಮಾಡಿ ತೋರಿಸಿದರು.

ನಾನು ಕಷ್ಟಪಟ್ಟು ಓದಿದವಳು. ನನ್ನ ಪಠ್ಯದಲ್ಲಿ ಇಲ್ಲದ್ದನ್ನು ಸುಲಭಕ್ಕೆ ಒಪ್ಪುವವಳಲ್ಲ. ಹಿಂದಿನ ಸಾಲಿನಲ್ಲಿ ಕೂತು, ಇದು ದುಡಿಯದವರ ಆಟ ಎಂದುಕೊಂಡೆ. ಆದರೆ ಎಲ್ಲರೂ ಎದ್ದು ಮಾಡಬೇಕೆಂದಾಗ ಮಾಡಿದೆ. ಮುಗಿದ ಮೇಲೆ ಊಟಕ್ಕೆಂದು ಮೆಟ್ಟಿಲಿಳಿದು ಕೆಳಗೆ ಬಂದೆ, ಗೋಡೆ ಹಿಡಿಯುವುದು ಮರೆತಿತ್ತು. ಒಂದು ಸಲದ ಮಾತು, ಅದನ್ನು ನಂಬಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಆ ವೈದ್ಯೆ ತಾಯಿಯ ಹತ್ತಿರ ರಜೆ ಸಿಕ್ಕಾಗಲೆಲ್ಲ ಹೋಗಿ ಕಲಿತೆ.

ಮನೆಯಲ್ಲಿ ಅಭ್ಯಾಸಕ್ಕೆ ಜಾಗವಿಲ್ಲದೆ ಮುಂಜಾನೆ ಮಾಳಿಗೆ ಹತ್ತುತ್ತಿದ್ದೆ. ಕೆಲವೇ ದಿನಗಳಲ್ಲಿ ಯಜಮಾನರು ಕಚೇರಿಯಿಂದ ನಗುತ್ತ ಬಂದರು. "ಮಂದಿ ಕೇಳಾಕತ್ತಾರ, ನಿಮ್ಮ ಮನಿಯವರು ಮಾಳಿಗಿ ಮ್ಯಾಲ ನಿಂತು ದಿನಾ ಯಾರನ್ನ ಕರೀತಾರಂತ." ಎದುರು ಮನೆಯ ಮುದುಕಿಯಂತೂ ನಿಂಬೆಹಣ್ಣು ಹಿಡಿದುಕೊಂಡೇ ಬಂದಳು. ನನಗೆ ಗಾಳಿ ಸೋಕಿದೆ ಎಂದು ಅವಳ ತೀರ್ಮಾನ. ಆ ನಿಂಬೆಹಣ್ಣನ್ನೇ ಹಿಂಡಿ ಅವಳಿಗೆ ಪಾನಕ ಮಾಡಿ ಕೊಟ್ಟೆ.

ಸುರಪುರಕ್ಕೆ ಬಂದ ಮೇಲೆ ಹುಸೇನಬಿ ಸಿಕ್ಕಳು. ನನ್ನ ವೃತ್ತಿಯ ಬೇರೆ ಏನನ್ನು ಮರೆತರೂ ಅವಳನ್ನು ಮರೆಯುವುದಿಲ್ಲ.

ಹುಸೇನಬಿ ಬಳೆ ಇಡಿಸುವವಳು. ಬುಟ್ಟಿ ಹೊತ್ತು ಸುರಪುರದ ಓಣಿಗಳಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ತಿರುಗಿದವಳು. ಲಗ್ನ ಇರಲಿ, ಕುಬಸ ಇರಲಿ, ಮೊದಲು ಅವಳಿಗೆ ಹೇಳಿಕಳಿಸುತ್ತಿದ್ದರು. ಅವಳು ಕೋಣೆಗೆ ಬಂದವಳೇ ಯಂತ್ರದ ಕಡೆ ನೋಡಲೂ ಇಲ್ಲ.

"ಅಕ್ಕೋರ, ನೋವು ಇದ್ರ ಇರ್ಲಿ, ನಂದೂ ಅದರದೂ ದೋಸ್ತಿ ಆಗ್ಯಾದ. ನನಗ ನೆಲದ ಮ್ಯಾಲ ಕುಂದ್ರಂಗ, ಏಳಂಗ ಮಾಡ್ರಿ. ಬ್ಯಾರೆ ಏನೂ ಬ್ಯಾಡ, ನಕ್ಕೊ."

ಯಾಕೆ ಎಂದು ಕೇಳಿದೆ. ಹೇಳಿದಳು. ಬಸುರಿಗೆ ಕುಬಸದ, ಅಂದರೆ ಸೀಮಂತದ, ದಿನ ಹಸಿರು ಗಾಜಿನ ಬಳೆ ಇಡಿಸುತ್ತಾರೆ. ಹುಡುಗಿ ಮಣೆಯ ಮೇಲೆ ಕೂತಿರುತ್ತಾಳೆ. ಬಳೆಯವಳು ಅವಳೆದುರು ನೆಲಕ್ಕೆ ಕೂತು, ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳ ಗೆಣ್ಣುಗಳನ್ನು ಮೆತ್ತಗೆ ಒತ್ತಿ ಒಂದೊಂದೇ ಬಳೆ ಏರಿಸಬೇಕು. ಹುಸೇನಬಿಗೆ ಮೊಣಕಾಲು ಹಿಡಿದುಕೊಂಡ ಮೇಲೆ ನೆಲಕ್ಕೆ ಕೂರಲು ಆಗಲಿಲ್ಲ. ಒಂದು ದೊಡ್ಡ ಮನೆಯ ಕುಬಸದಲ್ಲಿ ಕುರ್ಚಿ ಹಾಕಿಸಿಕೊಂಡಳು. ಮೇಲೆ ಕೂತವಳಿಗೆ ಹುಡುಗಿ ಕೈ ಎತ್ತಿ ಕೊಡಬೇಕಾಯಿತು. ಎತ್ತಿದ ಕೈಯ ಗೆಣ್ಣು ಬಿಗಿಯಾಯಿತು. ಬಳೆ ಒಡೆದು ಚೂರು ಮಣೆಯ ಮೇಲೆ ಬಿತ್ತು.

"ಯಾರೂ ಬೈಲಿಲ್ರಿ. ಬೈದಿದ್ರ ಛಲೋ ಇತ್ತು. ಆ ಮನಿ ದೊಡ್ಡಾಕಿ ಸುಮ್ಮನ ಚೂರು ಆರಿಸಿ ಸೆರಗಿನ್ಯಾಗ ಕಟಗೊಂಡಳು. ಅವತ್ತಿನಿಂದ ನನಗ ಕುಬಸಕ್ಕ ಕರಿಯೋದು ಬಂದ್ ಆತು. ಸಂತ್ಯಾಗ ಅಂಗಡಿ ಹಚ್ಚು ಅಂತಾನ ನನ್ನ ಮಗ. ಸಂತ್ಯಾಗ ಯಾರು ಬೇಕಾದ್ರೂ ಮಾರ್ತಾರ. ಬಸುರಿ ಕೈ ಹಿಡಿಯೋದು ನಂದು ಕೆಲಸ, ಅಕ್ಕೋರ."

ನಮ್ಮ ದೊಡ್ಡ ಡಾಕ್ಟರ್ ಸಾಹೇಬರು ಅವಳ ಎಕ್ಸ್‌ರೇ ನೋಡಿ, ಮುಂದೆ ಎಂದಾದರೂ ಆಪರೇಶನ್ ಬೇಕಾಗಬಹುದು, ಈಗಲೇ ಅವಸರವಿಲ್ಲ, ನೀವು ಪ್ರಯತ್ನ ಮಾಡಿ ಎಂದರು. ಸಾಹೇಬರು ಯಾದಗಿರಿಯವರು. ಬಾಯಿ ಚುರುಕು, ಮನಸ್ಸು ಮೆತ್ತಗೆ. ನಾನು ದವಾಖಾನೆಯ ಹಿಂದಿನ ಪಡಸಾಲೆಯಲ್ಲಿ ಮೊಣಕಾಲಿನ ಹೆಂಗಸರಿಗೆ ತಾಯ್ ಚಿ ಕಲಿಸುತ್ತೇನೆ, ಅನುಮತಿ ಕೊಡಿ ಎಂದಾಗ ಕನ್ನಡಕದ ಮೇಲಿಂದ ನೋಡಿದರು.

"ಮೇಡಂ, ಡ್ಯಾನ್ಸ್ ಕ್ಲಾಸೇನು?"

"ಅಲ್ರಿ ಸರ್, ವ್ಯಾಯಾಮ."

"ನನಗ ಟಿಕೆಟ್ ಫ್ರೀ ಇರ್ಲಿ ಮತ್ತ." ಅನುಮತಿ ಸಿಕ್ಕಿತು.

ಮೊದಲ ದಿನ ಬಂದವರಲ್ಲಿ ಹುಸೇನಬಿಯ ಪಕ್ಕಕ್ಕೆ ನಿಂತವಳು ನಾಗಮ್ಮ. ನಮ್ಮ ದೇವಾಪುರದವಳೇ, ಹೊಲದ ಕೂಲಿ ಮಾಡುವವಳು, ಮಾತಿನಲ್ಲಿ ಊರಿಗೇ ಜೋರು. ನಾನು ಒಂದು ಸಲ ಮಾಡಿ ತೋರಿಸುವುದರೊಳಗೆ ಗುಸುಗುಸು ಸುರುವಾಯಿತು.

"ಅಕ್ಕೋರ, ಇದು ಪೂಜಾದ್ದು ಏನಾರ ಇದ್ರ ಮೊದಲ ಹೇಳ್ರಿ, ಮನ್ಯಾಗ ಕೇಳ್ತಾರ" ಎಂದಳು ಹುಸೇನಬಿ.

"ನಮ್ಮದಲ್ಲ ತಗೊ ಯಕ್ಕಾ" ಎಂದಳು ನಾಗಮ್ಮ. "ಬಗ್ಗೋದು ಏಳೋದು ನೋಡಿದ್ರ ನಿಮ್ಮದಿದ್ದಂಗ ಕಾಣಸ್ತದ."

"ಇದು ಚೀನಾದವರದು" ಎಂದೆ.

"ಅಯ್ಯ! ಚೀನಾದ ಮಾಲು ಬಾಳಿಕಿ ಬರಂಗಿಲ್ರಿ" ಎಂದು ನಾಗಮ್ಮ ನಕ್ಕಳು. "ನನ್ನ ಮೊಮ್ಮಗನ ಆಟದ ಸಾಮಾನ ಎರಡ ದಿನಕ್ಕ ಮುರೀತು."

"ಇದು ಮಣಕಾಲಿಂದು, ಬ್ಯಾರೆ ಯಾರದೂ ಅಲ್ಲ. ನಿಂದರ್ರಿ ಸುಮ್ಮನ" ಎಂದು ಗದರಿದ ಮೇಲೆ ನಿಂತರು.

ಹೆಸರುಗಳದ್ದೇ ಒಂದು ಫಜೀತಿ. ಕಲಿಸಿದ ತಾಯಿ ಹೇಳಿದ ಹೆಸರುಗಳನ್ನೇ ಕನ್ನಡ ಮಾಡಿ ಹೇಳಿದೆ. ಕಾಡುಕುದುರೆಯ ಕುತ್ತಿಗೆಯ ಕೂದಲು ಸರಿಸುವುದು ಎಂದೆ. "ನಮ್ಮ ಓಣ್ಯಾಗ ಕುದರಿ ಇಲ್ಲ, ಕತ್ತೆ ಅವ, ನಡೀತದೇನ್ರಿ?" ಎಂದಳು ನಾಗಮ್ಮ. ಯಾರಿಗೂ ಒಂದು ಚಲನೆಯೂ ನೆನಪುಳಿಯಲಿಲ್ಲ. ಆಗ ನನಗೆ ಒಂದು ಉಪಾಯ ಹೊಳೆಯಿತು, ಆ ದಿನ ಅದರ ಬಗ್ಗೆ ಬಹಳ ಹೆಮ್ಮೆಯೂ ಆಯಿತು. ಅವರ ಕೈಗೆ ಗೊತ್ತಿರುವ ಹೆಸರೇ ಇಡೋಣವೆಂದು, ಎರಡೂ ಕೈ ಅತ್ತಿತ್ತ ತೂಗುವುದಕ್ಕೆ ಮೊರದಲ್ಲಿ ಕೇರುವುದು, ಸೊಂಟ ತಿರುಗಿಸಿ ಕೈ ಸುತ್ತುವುದಕ್ಕೆ ಬೀಸುವುದು, ಮುಂದೆ ಕೈ ಚಾಚಿ ಹಿಂದಕ್ಕೆ ತರುವುದಕ್ಕೆ ಹತ್ತಿ ಬಿಡಿಸುವುದು ಎಂದು ಹೆಸರಿಟ್ಟೆ.

ತಕ್ಷಣ ನೆನಪಾಯಿತು ಎಲ್ಲರಿಗೂ. ಅಷ್ಟೇ ತಕ್ಷಣ ಕೆಟ್ಟಿತು. ಹತ್ತಿ ಬಿಡಿಸುವುದು ಎನ್ನುವ ಮಾತು ಬಿದ್ದ ಕೂಡಲೇ ಕೈಗಳು ಹೊಲದ ವೇಗಕ್ಕೆ ಹೋದವು. ಅದರ ಮೇಲೆ ನಾನು ಅವರನ್ನು ಸಾಲಾಗಿ ನಿಲ್ಲಿಸಿದ್ದೆ. ನಮ್ಮ ಕಡೆ ಹತ್ತಿ ಬಿಡಿಸುವಾಗ ಒಬ್ಬೊಬ್ಬ ಹೆಂಗಸು ಒಂದೊಂದು ಸಾಲು ಹಿಡಿಯುತ್ತಾಳೆ. ಪಕ್ಕದವಳು ಮುಂದೆ ಹೋಗಿ ತಾನು ಹಿಂದುಳಿದರೆ ಅದಕ್ಕಿಂತ ನಾಚಿಕೆ ಇನ್ನಿಲ್ಲ. ಸಂಜೆಯವರೆಗೆ ಹೊಲದಲ್ಲಿ ಅವಳನ್ನು ಚೇಷ್ಟೆ ಮಾಡುತ್ತಾರೆ. ಪಡಸಾಲೆಯಲ್ಲೂ ಹಾಗೇ ಆಯಿತು: ನಾಗಮ್ಮ ಹೆಜ್ಜೆ ಮುಂದಿಟ್ಟಳು, ಪಕ್ಕದವಳು ಅವಳನ್ನು ಹಿಂದೆ ಹಾಕಿದಳು, ಹುಸೇನಬಿ ಕುಂಟುತ್ತಲೇ ಇಬ್ಬರನ್ನೂ ದಾಟಲು ನೋಡಿದಳು. "ನಿಧಾನ, ನಿಧಾನ" ಎಂದು ನಾನು ಕೂಗುತ್ತಿದ್ದೇನೆ, ಯಾರ ಕಿವಿಗೂ ಬೀಳುತ್ತಿಲ್ಲ.

"ಹಿಂಗ ನಿಧಾನ ಮಾಡಿದ್ರ ಗೌಡ್ರು ನಾಳಿ ಕೆಲಸಕ್ಕ ಕರೀತಾರೇನ್ರಿ?" ಎಂದು ನಾಗಮ್ಮ ಓಡುತ್ತಲೇ ಕೇಳಿದಳು.

ಮರುದಿನ ಅವಳ ಮೊಣಕಾಲು ಬಾತುಕೊಂಡು ಬಂತು. ಸಾಹೇಬರು ನನ್ನನ್ನು ಕರೆದು, "ಏನ್ರಿ ಮೇಡಂ, ಇದ್ದ ಮಣಕಾಲ ರಿಪೇರಿ ಮಾಡ್ತೀನಂದವ್ರು ಹೊಸಾವ ತಯಾರ ಮಾಡಾಕತ್ತೀರಿ?" ಎಂದರು. ನಗುತ್ತಲೇ ಹೇಳಿದರು, ಆದರೂ ಚುಚ್ಚಿತು. ಊತ ಇಳಿಯುವವರೆಗೆ ನಾಗಮ್ಮನಿಗೆ ಐಸ್ ಇಟ್ಟು, ಕಾಲಿಗೆ ವಿಶ್ರಾಂತಿ ಕೊಡಿಸಿದೆ.

ಹೊಸಬರು ಇದನ್ನು ಗಮನವಿಟ್ಟು ಓದಬೇಕು. ನಮ್ಮ ಹೆಣ್ಣುಮಕ್ಕಳಿಗೆ ಚಲನೆ ಕಲಿಸಬೇಕಾಗಿಲ್ಲ, ಜೀವನವಿಡೀ ಅದನ್ನೇ ಮಾಡಿದ್ದಾರೆ. ಅವರಿಗೆ ಬರದಿದ್ದದ್ದು ನಿಧಾನ. ನಿಧಾನವೆಂದರೆ ಮೈಗಳ್ಳತನ ಎಂದು ಬೈಸಿಕೊಂಡು ಬೆಳೆದವರು. ಹಾಗಾದರೆ ಇವರು ಎಲ್ಲಾದರೂ, ಯಾವಾಗಲಾದರೂ ನಾಚಿಕೆಯಿಲ್ಲದೆ ನಿಧಾನವಾಗಿ ನಡೆದದ್ದುಂಟೇ ಎಂದು ಯೋಚಿಸುತ್ತ ಆ ವಾರ ದೇವಾಪುರಕ್ಕೆ ಹೋದೆ. ಅವ್ವ ಒಳಗಿನಿಂದ ನನಗೆ ಕುಡಿಯಲು ನೀರು ತರುತ್ತಿದ್ದಳು. ತಂಬಿಗೆ ಕಂಠಮಟ್ಟ ತುಂಬಿತ್ತು. ಆ ನೋಯುವ ಕಾಲಿನಲ್ಲಿ, ಹೊಸ್ತಿಲು ದಾಟಿ, ಒಂದು ಹನಿ ಚೆಲ್ಲದೆ ಬಂದಳು. ಹೆಗಲು ಸಡಿಲ, ಮೊಣಕಾಲು ತುಸುವೇ ಬಗ್ಗಿತ್ತು, ಒಂದು ಕಾಲಿನ ಮೇಲೆ ಪೂರ್ತಿ ಭಾರ ಬಿದ್ದ ಮೇಲೆಯೇ ಇನ್ನೊಂದು ಕಾಲು ಏಳುತ್ತಿತ್ತು. ಕಲಬುರಗಿಯ ತಾಯಿ ಹೇಳಿಕೊಟ್ಟದ್ದು ಇದನ್ನೇ. ದೂರದಿಂದ ನೀರು ಹೊತ್ತು ತರುತ್ತಿದ್ದ ಕಾಲದಲ್ಲಿ ಚೆಲ್ಲಿದರೆ ಅವ್ವ ನನ್ನ ತಲೆಗೆ ಮೊಟಕುತ್ತಿದ್ದಳು. ನೀರು ಹಿಡಿದಾಗ ಮಾತ್ರ ನಮ್ಮಲ್ಲಿ ಯಾರೂ ಯಾರಿಗೂ ಜಲ್ದಿ ಅನ್ನುವುದಿಲ್ಲ.

"ಏನ ಹಂಗ ನೋಡಾಕತ್ತಿ? ನೀರು ಕುಡಿ" ಎಂದಳು ಅವ್ವ.

ಮುಂದಿನ ಸಲ ಪಡಸಾಲೆಯಲ್ಲಿ ಸಾಲು ತೆಗೆದುಹಾಕಿದೆ. ದುಂಡಗೆ ನಿಲ್ಲಿಸಿದೆ, ದುಂಡಗೆ ನಿಂತರೆ ಮುಂದೆ ಯಾರು, ಹಿಂದೆ ಯಾರು? ನಾನು ಹೇಳಿದ್ದಂತೆ ಪ್ರತಿಯೊಬ್ಬರೂ ಮನೆಯಿಂದ ತಂಬಿಗೆ ತಂದಿದ್ದರು. ಕಂಠಮಟ್ಟ ನೀರು ತುಂಬಿಸಿ ಎರಡೂ ಕೈಯಲ್ಲಿ ಹಿಡಿಸಿ, "ಭಾರ ಈ ಕಾಲಿನಿಂದ ಆ ಕಾಲಿಗೆ ಹೋಗಬೇಕು, ನೀರು ಮಾತ್ರ ಹೋಗಬಾರದು" ಎಂದೆ. ಮೊದಲ ದಿನ ಎಲ್ಲರ ಸೀರೆ ತೊಯ್ದವು. ಸಾಹೇಬರು ಆ ಕಡೆ ಹಾದುಹೋಗುತ್ತ ನಿಂತರು.

"ಭೀಮರಾಯನಗುಡಿ ನೀರಾವರಿಯವ್ರು ಇಲ್ಲಿಗೂ ಕಾಲುವಿ ತಂದ್ರೇನ್ರಿ?"

ದಿನ ಕಳೆದಂತೆ ನೆಲ ಒಣಗಿತು. ಮೊಣಕಾಲು ಕಾಲ್ಬೆರಳ ತುದಿ ದಾಟದ ಹಾಗೆ, ನೋವು ಹೆಚ್ಚಾದರೆ ಅಲ್ಲಿಗೇ ನಿಲ್ಲುವ ಹಾಗೆ, ಉಸಿರು ಬಿಗಿಹಿಡಿಯದ ಹಾಗೆ ಕಲಿತರು. ಆಮೇಲೆ ತಂಬಿಗೆ ಮನೆಯಲ್ಲೇ ಬಿಟ್ಟು ಬನ್ನಿ ಎಂದೆ. ಬರಿಗೈಯಲ್ಲೇ ತಂಬಿಗೆ ಹಿಡಿದ ಹಾಗೆ ನಿಂತರು, ಕೈ ಅತ್ತಿತ್ತ ತೇಲಿದವು. ಆ ಪಡಸಾಲೆಯಲ್ಲಿ ನಾಗಮ್ಮ ಬಾಯಿ ಮುಚ್ಚಿ ನಿಂತದ್ದನ್ನು ಅಂದೇ ಮೊದಲು ಕಂಡೆ. ಸ್ವಲ್ಪ ದಿನದ ಮೇಲೆ ದುಂಡಿನ ಹೊರಗೆ ಕಂಬದ ಮರೆಯಲ್ಲಿ ಇನ್ನೊಂದು ಜೊತೆ ಕೈ ತೇಲುತ್ತಿರುವುದು ಕಾಣಿಸಿತು. ಸಾಹೇಬರು.

"ಸರ್, ಒಳಗ ಬರ್ರಿ."

"ಇಲ್ಲ ಇಲ್ಲ, ನಾ ಸೂಪರ್‌ವಿಜನ್ ಮಾಡಾಕತ್ತೇನಿ" ಎಂದರು, ಕೈ ಇಳಿಸದೆ. ಅವರ ಎಡ ಮೊಣಕಾಲು ಬಹಳ ವರ್ಷದಿಂದ ಹಿಡಿದಿತ್ತು ಎನ್ನುವುದು ಆಮೇಲೆ ತಿಳಿಯಿತು. ನಿವೃತ್ತಿಯಾಗುವವರೆಗೆ ಅವರು ಆ ಕಂಬದ ಹತ್ತಿರ ಸೂಪರ್‌ವಿಜನ್ ತಪ್ಪಿಸಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಮಂತ್ರದ ಹಾಗೆ ಮಾರಬೇಡಿ. ಒಬ್ಬ ಮಾಸ್ತರರು ಬಂದಿದ್ದರು, ಮೊಣಕಾಲು ಪೂರ್ತಿ ಸವೆದು ಕಾಲು ಬಿಲ್ಲಿನ ಹಾಗೆ ಬಾಗಿತ್ತು. ಕತ್ತಿ ಕಂಡರೆ ಭಯ ಅವರಿಗೆ. "ನಿಮ್ಮ ಚೀನಾದ್ದ ಮಾಡ್ತೀನ್ರಿ ಮೇಡಂ, ಆಪರೇಶನ್ ಅನ್ನಬ್ಯಾಡ್ರಿ" ಎಂದು ಹಟ ಹಿಡಿದರು. ನಾನೂ ಸಾಹೇಬರೂ ಕೂಡಿ ಬೈದು ಆಪರೇಶನ್ನಿಗೆ ಕಳಿಸಿದೆವು. ಆಗಿ, ಗುಣವಾಗಿ, ಆಮೇಲೆ ದುಂಡಿಗೆ ಬಂದು ನಿಂತರು. ಕೀಲು ಬಿಸಿಯಾಗಿ ಊದಿದ್ದರೆ, ಜ್ವರವಿದ್ದರೆ, ಹೊಸದಾಗಿ ಬಿದ್ದು ಬಂದಿದ್ದರೆ ಮೊದಲು ಡಾಕ್ಟರು, ಆಮೇಲೆ ನಾವು. ಹುಸೇನಬಿಯ ಸವೆದ ಕೀಲನ್ನು ನಾನು ಹೊಸದು ಮಾಡಲಿಲ್ಲ. ಬಹಳ ತಿಂಗಳ ಮೇಲೆ ಸಾಹೇಬರು ಅವಳ ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಎಕ್ಸ್‌ರೇ ಮೊದಲಿನಂಗ ಅದ. ಇಕಿ ಕಾಲ ಮಾತ್ರ ಅದರ ಮಾತು ಕೇಳವಲ್ದು" ಎಂದರು.

ಅಷ್ಟು ಹೊತ್ತಿಗೆ ಅವಳು ಸಂತೆಗೆ ನಡೆದುಹೋಗುತ್ತಿದ್ದಳು. ಆದರೆ ನೆಲ? ಅದಿನ್ನೂ ದೂರವಿತ್ತು. ಬೆಂಚಿನಿಂದ ಸುರು ಮಾಡಿದೆವು, ಆಮೇಲೆ ಸಣ್ಣ ಸ್ಟೂಲು, ಆಮೇಲೆ ಮಡಿಚಿದ ಕಂಬಳಿ. ಕೂರುವುದು ಬಂದರೂ ಏಳುವಾಗ ಅವಳ ಕೈ ತಾನಾಗಿಯೇ ನನ್ನ ಕೈ ಹುಡುಕುತ್ತಿತ್ತು. ಕಾಲಿನ ಬಲ ಸಾಲದ್ದಕ್ಕಲ್ಲ. ಬೀಳುತ್ತೇನೆ ಎನ್ನುವ ಅಂಜಿಕೆ.

ಒಂದು ದಿನ ದುಂಡು ಮುಗಿದ ಮೇಲೆ ನಾಗಮ್ಮ ಎಲ್ಲರೆದುರು ಹೇಳಿದಳು. "ಹುಸೇನಬಿ ಯಕ್ಕಾ, ನನ್ನ ಮಗಳ ಕುಬಸ ಬಂದದ. ಬಳಿ ನೀನ ಇಡಬೇಕು."

ಹುಸೇನಬಿಯ ಮುಖ ಇಳಿಯಿತು. "ಬ್ಯಾಡ ನಾಗಮ್ಮ. ಬ್ಯಾರೆದವ್ರಿಗಿ ಹೇಳು. ನನ್ನ ಕೈಯಾಗ ಒಮ್ಮಿ ಒಡದದ."

"ಒಡದ್ರ ಗಾಜು ಒಡೀತದ. ನನ್ನ ಮಗಳೇನು ಗಾಜಿನಾಕಿ?"

"ನಿಮ್ಮ ಮನ್ಯಾಗ ಒಪ್ತಾರೇನು?"

"ನೀ ಬುಟ್ಟಿ ತಗೊಂಡು ಬಾ, ಉಳಿದದ್ದು ನಾ ನೋಡ್ಕೋತೀನಿ" ಎಂದು ನಾಗಮ್ಮ ಹೊರಟುಬಿಟ್ಟಳು. ಮನೆಯಲ್ಲಿ ಒಪ್ಪಿರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಅವಳ ದೊಡ್ಡ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಬಳೆ ಒಡೆದ ಕೈ ನಮ್ಮ ಹುಡುಗಿಗೆ ಮುಟ್ಟಕೂಡದು ಎಂದು ಜಗಳ ತೆಗೆದಿದ್ದಳು.

ಕುಬಸದ ದಿನ ನಾನೂ ಹೋದೆ. ನಮ್ಮೂರೇ ಆದ್ದರಿಂದ ಅವ್ವನೂ ಬಂದಿದ್ದಳು, ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಹಸಿರು ಸೀರೆಯ ಹುಡುಗಿ ಮಣೆಯ ಮೇಲಿದ್ದಳು. ನೆಗೆಣ್ಣಿ ಒಳಕೋಣೆಯ ಬಾಗಿಲಲ್ಲಿ ಸೆರಗು ಬಿಗಿದು ನಿಂತಿದ್ದಳು, ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಯಾರೋ ಹುಸೇನಬಿಗೆ ಕುರ್ಚಿ ತಂದರು. ಅವಳು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಬುಟ್ಟಿ ಇಳಿಸಿ, ಹುಡುಗಿಯೆದುರು ನಿಂತಳು. ಭಾರ ಒಂದು ಕಾಲಿಗೆ ಹೋಯಿತು. ಇನ್ನೊಂದು ಮೊಣಕಾಲು ನೆಲ ಮುಟ್ಟಿತು. ಒಂದು ಕಾಲು ಮಡಿಚಿ, ಇನ್ನೊಂದನ್ನು ಓರೆಯಾಗಿ ಚಾಚಿ ಕೂತಳು.

ಹುಡುಗಿಯ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಸಡಿಲ ಬಿಡು ಬೇಟಿ. ನಾ ಇದ್ದೀನಲ್ಲ" ಎಂದು ಗೆಣ್ಣು ಒತ್ತಿದಳು. ಮೊದಲ ಬಳೆ ಏರಿತು. ಆಮೇಲೆ ಇನ್ನೊಂದು, ಮತ್ತೊಂದು. ಒಂದು ಕೈ ತುಂಬಿತು, ಎರಡನೆಯದೂ ತುಂಬಿತು. ಒಂದು ಬಳೆಯೂ ಒಡೆಯಲಿಲ್ಲ. ಹುಡುಗಿ ಕೈ ಅಲುಗಿಸಿದಳು, ಬಳೆ ಘಲಘಲ ಎಂದವು. ಸುತ್ತಲಿನ ಹೆಂಗಸರೂ ಒಬ್ಬೊಬ್ಬರಾಗಿ ಕೈ ಚಾಚಿ ಬಳೆ ಇಡಿಸಿಕೊಂಡರು. ನೆಗೆಣ್ಣಿ ಬಾಗಿಲು ಬಿಟ್ಟು ಬರಲಿಲ್ಲ.

ಇನ್ನು ಏಳಬೇಕು. ಮನೆ ತುಂಬ ಮಂದಿ, ಎಲ್ಲರ ಕಣ್ಣು ಅವಳ ಮೇಲೆ. ಬಹಳ ಹೊತ್ತು ಕೂತು ಕಾಲು ಜೋಮು ಹಿಡಿದಿತ್ತು, ಮುಖದ ಮೇಲೆ ಬೆವರು ಮೂಡಿತ್ತು. ನನಗೆ ತಡೆಯಲಾಗಲಿಲ್ಲ, ಹತ್ತಿರ ಹೋಗಿ ಕೈ ಚಾಚಿದೆ.

"ಹಿಡೀಬ್ಯಾಡ್ರಿ ಅಕ್ಕೋರ" ಎಂದಳು ಮೆಲ್ಲಗೆ. "ನೀರು ಚೆಲ್ತದ."

ಎರಡೂ ಕೈ ಎದೆಯ ಮುಂದೆ ತಂದಳು, ತುಂಬಿದ ತಂಬಿಗೆ ಹಿಡಿದ ಹಾಗೆ. ಮುಂದಿನ ಪಾದ ನೆಲಕ್ಕೆ ಒತ್ತಿತು. ಭಾರ ಅದರ ಮೇಲೆ ಹೋಯಿತು, ಪೂರ್ತಿ ಹೋದ ಮೇಲೆ ಹಿಂದಿನ ಮೊಣಕಾಲು ನೆಲ ಬಿಟ್ಟಿತು. ಯಾವ ಅವಸರವೂ ಇಲ್ಲದೆ ಎದ್ದು ನಿಂತಳು.

"ಯಾವ ನೀರಬೇ?" ಎಂದು ಯಾರೋ ನೆಲ ನೋಡಿದರು. ನಾಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣಲ್ಲೂ ನೀರಿತ್ತು. ಗೋಡೆಗೆ ಒರಗಿದ್ದ ಅವ್ವ ನನ್ನನ್ನು ನೋಡಿ, "ಇದು ಕಾಲ ಒತ್ತೋದಲ್ಲ ಬಿಡು" ಎಂದಳು. ನನ್ನ ಪದವಿಗೆ ಅವ್ವ ಕೊಟ್ಟ ಸರ್ಟಿಫಿಕೇಟು ಅದೊಂದೇ.

ಹುಸೇನಬಿ ಬುಟ್ಟಿಗೆ ಕೈ ಹಾಕಿದ್ದಳು. ಅಷ್ಟರಲ್ಲಿ ಒಳಬಾಗಿಲಿನಿಂದ ನೆಗೆಣ್ಣಿ ನಡೆದು ಬಂದಳು. ಯಾರ ಮುಖವನ್ನೂ ನೋಡದೆ ಹುಡುಗಿಯ ಪಕ್ಕಕ್ಕೆ ನೆಲದ ಮೇಲೆ ಕೂತು, ಬಲಗೈ ಮುಂದೆ ಚಾಚಿದಳು.

"ನನಗೂ ಇಡಬೇ. ಹಸರು."

ಹುಸೇನಬಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಅವಳನ್ನೊಮ್ಮೆ ನೋಡಿದಳು. "ಅಯ್ಯ ನಮ್ಮವ್ವ! ಈಗ ಎದ್ದೀನಿ. ಏಳೋಕಿಂತ ಮೊದಲ ಹೇಳಾಕ ಬಾಯಿ ಇದ್ದಿಲ್ಲೇನು ನಿನಗ?" ಎಂದು ಬೈದಳು. ಬೈಯುತ್ತಲೇ, ಯಾರ ಕೈಯನ್ನೂ ಹುಡುಕದೆ, ಮತ್ತೆ ನೆಲಕ್ಕೆ ಕೂತಳು.